ಅಪ್ಪನ ಬಂದೂಕಿನ ಚಿಲಕ

ಅಣ್ಣ ಬಂದೂಕನ್ನು ಹಳೆಯ ಕೌದಿಯಲ್ಲಿ ಸುತ್ತಿ ಜೀಪಿನ ಹಿಂದಿನ ಸೀಟಿನ ಮೇಲೆ ಮಲಗಿಸಿದ. ಚಿಲಕವನ್ನು ಬೇರೆ ತೆಗೆದು ಬಟ್ಟೆಯ ಚೀಲದಲ್ಲಿ ಹಾಕಿ ನನ್ನ ತೊಡೆಯ ಮೇಲಿಟ್ಟ. ಬಂದೂಕಿನ ಬೋಲ್ಟಿಗೆ ಅಪ್ಪ ಚಿಲಕ ಎನ್ನುತ್ತಿದ್ದರು, ನಮ್ಮ ಮನೆಯಲ್ಲಿ ಅದೇ ಹೆಸರು ಉಳಿಯಿತು. ಬಾಗಿಲ ಚಿಲಕದ ಹಾಗೆಯೇ ಅದರ ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಎಳೆದರೆ ಬಂದೂಕು ತೆರೆಯುತ್ತದೆ, ಮುಂದಕ್ಕೆ ತಳ್ಳಿ ಕೆಳಗೆ ಒತ್ತಿದರೆ ಮುಚ್ಚುತ್ತದೆ. ಅದು ಒಳಗಿಲ್ಲದಿದ್ದರೆ ಬಂದೂಕು ಬರೀ ಕೊಳವೆ ಮತ್ತು ಕಟ್ಟಿಗೆ.

ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ಅಣ್ಣನ ಹೆಸರಿಗೆ ಆಗಿತ್ತು. ದೇವದುರ್ಗದ ಮನೆಯಲ್ಲಿ ಅದರ ಬಗ್ಗೆ ಎರಡು ಪಕ್ಷಗಳಿದ್ದವು. ಠಾಣೆಗೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಕು ಎಂದು ಅತ್ತಿಗೆ. ಅಪ್ಪನ ಕೈ ಸವೆಸಿದ ವಸ್ತು, ಅದು ಇರಬೇಕು, ಇದ್ದರೆ ಕೆಲಸ ಮಾಡುವ ಬಂದೂಕಾಗಿಯೇ ಇರಬೇಕು ಎಂದು ಅಣ್ಣ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ರಾಯಚೂರಿನ ಮಿಸ್ತ್ರಿಗೆ ತೋರಿಸುವುದು. ಹೊಡೆಯಲು ಅಪಾಯವಿಲ್ಲ ಎಂದು ಅವನು ಹೇಳಿದರೆ ಮನೆಯಲ್ಲಿ ಉಳಿಯುತ್ತದೆ, ಇಲ್ಲವಾದರೆ ಠಾಣೆಗೆ. ನನ್ನನ್ನು ಕರೆದದ್ದು ಸಾಕ್ಷಿಗೆ.

"ನಿಮ್ಮಣ್ಣ ಮಿಸ್ತ್ರಿ ಹೇಳಿದ್ದರಾಗ ಅರ್ಧ ಮರೀತಾರ, ಇನ್ನರ್ಧ ತಾವಾ ಸೇರಿಸ್ತಾರ" ಎಂದಳು ಅತ್ತಿಗೆ. "ನೀ ಪೇಪರಿನ್ಯಾಗ ಇದ್ದಾಂವ. ಕೇಳಿದ್ದಷ್ಟ ಬಂದು ಹೇಳು."

ರಾಯಚೂರಿನ ಪತ್ರಿಕಾ ಕಚೇರಿಯಲ್ಲಿ ಬದುಕಿನ ಹೆಚ್ಚಿನ ಭಾಗ ಕಳೆದವನಿಗೆ ಅದು ಕಷ್ಟದ ಷರತ್ತಲ್ಲ. ಒಪ್ಪಿದೆ.

ಆ ಬಂದೂಕು ಹುಟ್ಟಿದ್ದು ಸೈನ್ಯಕ್ಕಾಗಿ. ಅಪ್ಪನ ಕೈಗೆ ಬರುವ ಮೊದಲೇ ಹೈದರಾಬಾದಿನ ಒಬ್ಬ ಕುಶಲಕರ್ಮಿ ಅದನ್ನು ಬೇಟೆಯ ಬಂದೂಕಾಗಿ ಬದಲಿಸಿದ್ದ. ನಳಿಗೆಯ ತುದಿಯವರೆಗೂ ಹೊದಿಸಿದ್ದ ಮರವನ್ನು ಕತ್ತರಿಸಿ ಅರ್ಧಕ್ಕೆ ಇಳಿಸಿದ್ದ. ಸೈನ್ಯದ ತೋಟಾ ಹಿಡಿಯುವ ನಳಿಗೆಯನ್ನು ತೆಗೆದು, ಸಾಮಾನ್ಯರಿಗೆ ಲೈಸೆನ್ಸ್ ಸಿಗುವ ಅಳತೆಯ ನಳಿಗೆ ಕೂಡಿಸಿದ್ದ. ಭುಜಕ್ಕೆ ಆನಿಸುವ ಹಿಂಭಾಗಕ್ಕೆ, ಅಂದರೆ ಕುಂದಾಕ್ಕೆ, ಬೀಟೆ ಮರ ಹಾಕಿ, ಕೈ ಹಿಡಿಯುವಲ್ಲಿ ಮೀನಿನ ಹುರುಪೆಯಂಥ ಗೆರೆ ಕೊರೆದಿದ್ದ. ಅವನು ಅದೇ ನಮೂನೆಯಲ್ಲಿ ಇನ್ನೊಂದನ್ನೂ ಮಾಡಿದ್ದ. ಅದನ್ನು ಕೊಂಡವರು ಅಪ್ಪನ ಗೆಳೆಯ, ಮಾನ್ವಿಯ ಚಾಚಾ. ಮಾರುಕಟ್ಟೆಯಲ್ಲಿ ಅವರು ಶೇಂಗಾ, ಹತ್ತಿಯ ದಲಾಲಿ. ಅಪ್ಪನ ಮಾಲು ಯಾವಾಗಲೂ ಅವರ ಅಂಗಡಿಗೇ ಹೋಗುತ್ತಿತ್ತು. ಇಬ್ಬರೂ ಒಂದೇ ದಿನ ಹೈದರಾಬಾದಿಗೆ ಹೋಗಿ ಬಂದೂಕು ತಂದರಂತೆ. ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು.

ಬೆಳೆ ಕಾಯಲು ಕೊಡುತ್ತಿದ್ದ ಲೈಸೆನ್ಸ್ ಅದು. ಜೋಳಕ್ಕೆ ಹಂದಿ ನುಗ್ಗಿದರೆ ಊರವರು ಅಪ್ಪನನ್ನು ಕರೆಯುತ್ತಿದ್ದರು, ಅಪ್ಪ ಚಾಚಾಗೆ ಹೇಳಿ ಕಳಿಸುತ್ತಿದ್ದರು. ಅಪ್ಪ ಲಿಂಗ ಕಟ್ಟಿದವರು, ಮಾಂಸ ಮುಟ್ಟುವವರಲ್ಲ. ಚಾಚಾಗೆ ಹಂದಿ ನಿಷಿದ್ಧ. ಹೊಡೆದದ್ದನ್ನು ಊರ ಕೆಳಗಿನ ಓಣಿಯವರು ಹೊತ್ತುಕೊಂಡು ಹೋಗುತ್ತಿದ್ದರು. ಅವ್ವ ಇದನ್ನು ಬಿಡುತ್ತಿರಲಿಲ್ಲ.

"ಎಂಥಾ ಬ್ಯಾಟಿಗಾರ್ರು ನೀವು" ಎನ್ನುತ್ತಿದ್ದಳು ಇಬ್ಬರಿಗೂ ಚಹಾ ಇಡುತ್ತ. "ಹೊಡಿಯಾವ್ರು ಇಬ್ಬರು, ಉಣ್ಣಾವ್ರು ಇಬ್ಬರೂ ಅಲ್ಲ."

"ಅಕ್ಕಾ, ನಾವು ಜ್ವಾಳದ ಸಿಪಾಯಿಗಳು" ಎಂದು ಚಾಚಾ ನಗುತ್ತಿದ್ದರು. "ಸಿಪಾಯಿ ಸತ್ತವರನ್ನ ತಿಂತಾನೇನು?"

ಬಂದೂಕು ಒರೆಸುವ ದಿನದ ವಾಸನೆ ನನಗೆ ಈಗಲೂ ನೆನಪಿದೆ. ಹೊಲಿಗೆ ಮಷೀನಿನ ಎಣ್ಣೆ, ಬಿಸಿನೀರು, ಒದ್ದೆ ಫ್ಲಾನಲ್ ಬಟ್ಟೆ. ಅಪ್ಪ ದಾರಕ್ಕೆ ಬಟ್ಟೆಯ ಚೂರು ಕಟ್ಟಿ ನಳಿಗೆಯ ಒಂದು ಕಡೆ ಇಳಿಬಿಟ್ಟು ಇನ್ನೊಂದು ಕಡೆ ಎಳೆಯುತ್ತಿದ್ದರು. ಬಟ್ಟೆ ಬಿಳಿಯಾಗಿ ಹೊರಬರುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಅಂಗಳದ ಬೆಳಕಿಗೆ ಹಿಡಿದು, ಅಣ್ಣನನ್ನೂ ನನ್ನನ್ನೂ ಸರದಿಯಂತೆ ಕರೆದು, ಹಿಂದಿನಿಂದ ನೋಡಲು ಹೇಳುತ್ತಿದ್ದರು. ಒಳಗೆ ಗೆರೆಗಳು ಬಳ್ಳಿಯಂತೆ ತಿರುಗುತ್ತ ದೂರದ ಬೆಳಕಿನ ಬೊಟ್ಟಿಗೆ ಹೋಗಿ ಸೇರುತ್ತಿದ್ದವು. ಅಣ್ಣ ಅದನ್ನು ನೋಡಿದಷ್ಟು ಹೊತ್ತು ಶಾಲೆಯ ಪುಸ್ತಕ ನೋಡಿದವನಲ್ಲ.

ರಾಯಚೂರಿನಲ್ಲಿ ಮಿಸ್ತ್ರಿಯ ಅಂಗಡಿ ಕೋಟೆಯ ಹತ್ತಿರದ ಓಣಿಯಲ್ಲಿದೆ. ಎಲೆಅಡಿಕೆ ಹಾಕಿಕೊಂಡ ದಪ್ಪ ಮನುಷ್ಯ, ಮಾತು ಜಾಸ್ತಿ. ಕೌದಿ ಬಿಚ್ಚುತ್ತಲೇ ಕೇಳಿದ.

"ಖಾಲಿ ಅದೇನ್ರಿ ಗೌಡ್ರ?"

"ಚಿಲಕಾನ ಬ್ಯಾರೆ ಅದಲ್ಲೋ ಮಾರಾಯ" ಎಂದ ಅಣ್ಣ.

ಆದರೂ ಅವನು ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ, ತೋಟಾ ಕೂರುವ ಗೂಡಿನೊಳಗೆ ಕಿರುಬೆರಳು ತೂರಿಸಿ ನೋಡಿದ. "ನಿಮ್ಮ ಮಾತು ನಂಬ್ತೀನ್ರಿ. ಬಂದೂಕದ ಮಾತು ನಂಬಂಗಿಲ್ಲ."

ಮೊದಲು ಕುಂದಾ ನೋಡಿದ. ಕೈ ಹಿಡಿಯುವ ಸಣ್ಣ ಭಾಗದಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಎಣ್ಣೆ ಒರೆಸಿದಾಗ ಕಂಡಿತು. ಅದು ರಿಪೇರಿಯಾಗುತ್ತದೆ ಎಂದ. ನಳಿಗೆಯಲ್ಲಿ ಸಣ್ಣ ದೀಪ ಬಿಟ್ಟು ನೋಡಿದ. ಗೆರೆಗಳು ಗಟ್ಟಿಯಾಗಿವೆ, ಬಾಯಿ ಸವೆದಿಲ್ಲ ಎಂದ. ಅಣ್ಣನ ಮುಖ ಅರಳಿತು. ಅದೇ ಉಮೇದಿನಲ್ಲಿ ಜೇಬಿನಿಂದ ಉಜ್ಜುವ ಕಾಗದ ತೆಗೆದ. ಮೇಲಿನ ಕಲೆಗಳನ್ನು ತಾನೇ ಉಜ್ಜಿ ಹೊಸದರಂತೆ ಮಾಡಬೇಕು ಎಂದು ದೇವದುರ್ಗದಿಂದಲೇ ತಂದಿದ್ದ.

"ಇದನ್ನೇನು ಮಾಡ್ತೀರಿ?"

"ತುಕ್ಕು ತಗೀತೀನಿ."

"ತುಕ್ಕಿನ ಕೂಡ ನಂಬರ್ ಹೋದ್ರ ನಿಮ್ಮನ್ನ ತಗೀತಾರ ಪೋಲೀಸ್ರು" ಎಂದು ಮಿಸ್ತ್ರಿ ಕಾಗದ ಕಸಿದುಕೊಂಡು ತನ್ನ ಡ್ರಾಯರಿಗೆ ಹಾಕಿದ. "ಹಳೇ ಬಂದೂಕು ಹಳೇದಂಗ ಕಾಣಬೇಕ್ರಿ. ಎಣ್ಣಿ ಹಚ್ಚ್ರಿ, ಒರಸ್ರಿ, ಬಿಡ್ರಿ. ಚರ್ಮ ಸುಲಿಬ್ಯಾಡ್ರಿ."

ಆಮೇಲೆ ನಾನು ಕೊಟ್ಟ ಚೀಲದಿಂದ ಚಿಲಕ ತೆಗೆದು ಒಳಗೆ ಕೂಡಿಸಿದ. ತೋಟಾದ ಆಕಾರದ ಎರಡು ಉಕ್ಕಿನ ತುಂಡುಗಳನ್ನು ಮೇಜಿನ ಮೇಲಿಟ್ಟ. ಗೇಜ್ ಎಂದು ಹೆಸರು. ಒಂದರ ಮೇಲೆ ಚಿಲಕ ಮುಚ್ಚಬೇಕು. ಇನ್ನೊಂದು ಅದಕ್ಕಿಂತ ಕೂದಲೆಳೆಯಷ್ಟು ಉದ್ದ, ಅದರ ಮೇಲೆ ಮುಚ್ಚಬಾರದು. ಮೊದಲನೆಯದರ ಮೇಲೆ ಮುಚ್ಚಿತು. ಎರಡನೆಯದರ ಮೇಲೂ ಮುಚ್ಚಿತು, ಬೆಣ್ಣೆಯಲ್ಲಿ ಚಾಕು ಇಳಿದಂತೆ.

ಮಿಸ್ತ್ರಿ ಬಾಯಿಯ ಎಲೆಯನ್ನು ಉಗುಳಿ ಬಂದ. ತೋಟಾ ಗೂಡಿನಲ್ಲಿ ಕೂತ ಮೇಲೆ ಅದರ ಬೆನ್ನಿಗೆ ಚಿಲಕದ ಮೂತಿ ಆನಿಕೊಂಡಿರಬೇಕು. ನಡುವೆ ಸಂದು ಉಳಿದರೆ, ಸಿಡಿದಾಗ ಹಿತ್ತಾಳೆಯ ಕೊಳವೆ ಹಿಂದಕ್ಕೆ ಹಿಗ್ಗಿ ಹರಿಯುತ್ತದೆ. ಬೆಂಕಿಯಂಥ ಗಾಳಿ ಹೊಡೆದವನ ಮುಖಕ್ಕೇ ಬರುತ್ತದೆ. ಇಷ್ಟು ಹೇಳಿ ಅವನು ಚಿಲಕದ ಹಿಡಿಯ ಬುಡವನ್ನು ಸೀಮೆಎಣ್ಣೆಯಲ್ಲಿ ತೊಳೆದ. ವರ್ಷಗಳ ಜಿಡ್ಡಿನ ಕೆಳಗೆ ಅಂಕಿಗಳು ಎದ್ದವು. ಬಂದೂಕಿನ ಮೈಮೇಲಿನ ನಂಬರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಲೈಸೆನ್ಸ್ ನವೀಕರಿಸುವಾಗ ಮೈಮೇಲಿನ ನಂಬರನ್ನಷ್ಟೇ ನೋಡುತ್ತಿದ್ದುದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಬಜಾರದಾಗ ಸಿಕ್ಕಿದ್ದು ತಂದು ತುರುಕ್ಯಾರ್ರಿ" ಎಂದ ಮಿಸ್ತ್ರಿ.

"ನಮ್ಮಪ್ಪ ಬಜಾರದ ಸಾಮಾನು ಹಾಕಾವ್ರಲ್ಲ" ಎಂದ ಅಣ್ಣ. ದನಿ ಏರಿತ್ತು.

"ಹಂಗಾದ್ರ ಇದು ಯಾರ ಮನಿದು ಹೇಳ್ರಿ? ಇದರ ಕೂಡ ಹುಟ್ಟಿದ ಬೋಲ್ಟ್ ತರ್ರಿ, ನೋಡ್ತೀನಿ. ಇಲ್ಲಂದ್ರ ಠಾಣೆಕ ಕೊಡ್ರಿ. ಇದನ್ನ ಹಾಕ್ಕೊಂಡು ಹೊಡೀರಿ ಅಂತ ನಾ ಹೇಳಂಗಿಲ್ಲ, ಹೇಳಿದ್ರ ನಿಮ್ಮ ಮನ್ಯಾಗಿನವ್ರು ನನ್ನ ಹಿಡಕೊಂತಾರ."

ಯಾರ ಮನೆಯದು. ಆ ಮಾತು ಕಿವಿಯಲ್ಲಿ ಉಳಿಯಿತು. ಬಂದೂಕನ್ನು ಅಲ್ಲೇ ಬಿಟ್ಟು, ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಅಣ್ಣ ಕಪ್ಪು ಮುಟ್ಟಿರಲಿಲ್ಲ. ಮಾಣಿ ಎರಡು ಬನ್ನುಗಳನ್ನು ಸ್ಟೀಲಿನ ತಾಟಿನಲ್ಲಿ ತಂದಿಟ್ಟ. ಒಂದೇ ಥರದ ಎರಡು, ಅಕ್ಕಪಕ್ಕ. ನನಗೆ ಖಂಡೇ ಪೂಜೆ ನೆನಪಾಯಿತು.

ಮಹಾನವಮಿಗೆ ನಮ್ಮ ಮನೆಯಲ್ಲಿ ಕುಡ, ಕುಡುಗೋಲು, ಕೊಡಲಿ ಎಲ್ಲ ತೊಳೆದು ಪಡಸಾಲೆಯಲ್ಲಿ ಇಡುತ್ತಿದ್ದರು. ಚಾಚಾ ಆ ದಿನ ಮಾನ್ವಿಯಿಂದ ತಪ್ಪದೆ ಬರುತ್ತಿದ್ದರು, ಬಂದೂಕಿನ ಜೊತೆ ಅಂಗಡಿಯ ತಕ್ಕಡಿಯನ್ನೂ ತರುತ್ತಿದ್ದರು. "ಅಕ್ಕಾ, ಇದಕ್ಕೂ ಒಂದು ಬೊಟ್ಟು ಇಡು, ತೂಕದಾಗ ನಿನ್ನ ಗಂಡ ನನ್ನ ಮ್ಯಾಲೆ ಡೌಟ್ ಪಡ್ತಾನ" ಎನ್ನುತ್ತಿದ್ದರು. ಬಂದೂಕುಗಳ ಬಗ್ಗೆ ಅವ್ವನದು ಒಂದು ಕಟ್ಟಳೆ. ಮಕ್ಕಳು ಓಡಾಡುವ ಪಡಸಾಲೆಗೆ ಚಿಲಕವಿದ್ದ ಬಂದೂಕು ಬರಕೂಡದು. ಹೊಸ್ತಿಲ ಹೊರಗೇ ಎರಡರ ಚಿಲಕವನ್ನೂ ತೆಗೆಸುತ್ತಿದ್ದಳು. ಅವನ್ನು ಒಂದೇ ಹಿತ್ತಾಳೆ ತಾಟಿನಲ್ಲಿ ಇಟ್ಟು, ತುದಿಯಿಂದ ಬುಡದವರೆಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಮೇಲೆ ಚೆಂಡುಹೂ ಹಾಕುತ್ತಿದ್ದಳು. ಹೋಳಿಗೆ ಊಟ ಮುಗಿದ ಮೇಲೆ ಇಬ್ಬರೂ ತಾಟಿನಿಂದ ಒಂದೊಂದು ಎತ್ತಿಕೊಳ್ಳುತ್ತಿದ್ದರು. ವಿಭೂತಿಯ ಕೆಳಗೆ ನಂಬರ್ ಯಾರಿಗೆ ಕಾಣಬೇಕು?

ಆ ತಾಟಿನಲ್ಲಿ ಚಿಲಕಗಳು ಅದಲುಬದಲಾಗಿರಬಹುದು ಎಂದು ಅಣ್ಣನಿಗೆ ಹೇಳಿದೆ. ಅವನು ಚಹಾ ಒಂದೇ ಗುಟುಕಿಗೆ ಕುಡಿದು ಎದ್ದ. "ಏಳು. ಮಾನ್ವಿಗೆ ನಡಿ."

"ಬರೀ ನೆನಪು ಇದು ಅಣ್ಣಾ. ಚಾಚಾನ ಬಂದೂಕು ನೋಡೋ ತನಕ ಖರೆ ಅನ್ನಾಕ ಬರಂಗಿಲ್ಲ."

"ನಿಂದು ಪೇಪರಿನ್ಯಾಗ ಬರಕೋ. ಗಾಡಿ ಹತ್ತು."

ಹೊರಡುವ ಮೊದಲು ನಾನು ಮಿಸ್ತ್ರಿಯಿಂದ ಬಂದೂಕಿನ ನಂಬರ್ ಓದಿಸಿ ಅಂಗೈ ಮೇಲೆ ಬರೆದುಕೊಂಡೆ. ಕಲ್ಲೂರು ದಾಟಿದೆವು. ರಸ್ತೆಯ ಎರಡೂ ಕಡೆ ಈಗ ಭತ್ತ. ನಾವು ಸಣ್ಣವರಿದ್ದಾಗ ಜೋಳ ಇತ್ತು. ಒಮ್ಮೆ ಅಣ್ಣ ತಲೆ ತಿರುಗಿಸಿ, "ಚಾಚಾ ಮಾರಿಬಿಟ್ಟಿದ್ರ?" ಎಂದ.

ಮಾರಿರಲಿಲ್ಲ. ಚಾಚಾ ಮಾರುಕಟ್ಟೆಯ ಹಿಂದಿನ ಮನೆಯ ಕಟ್ಟೆಯ ಮೇಲೆ ಕೂತು ಮೊಮ್ಮಗಳಿಗೆ ಶೇಂಗಾ ಸುಲಿದುಕೊಡುತ್ತಿದ್ದರು. ನಮ್ಮನ್ನು ಕಂಡು ಒಳಗೆ ಕೂಗಿದರು, "ದೇವದುರ್ಗಾವಾಲೆ ಆಯೇ, ಚಾ ಲಾವ್." ಆಮೇಲೆ ನಮಗೆ, "ಬರ್ರಿ ಬರ್ರಿ. ಅಪ್ಪ ಇದ್ದಾಗ ವಾರಕ್ಕೊಮ್ಮೆ ಬರ್ತಿದ್ರಿ. ಈಗ ಮಾಲು ಯಾರಿಗೆ ಹಾಕಾಕತ್ತೀರಿ?"

ಅಣ್ಣ ಆ ಪ್ರಶ್ನೆಯಿಂದ ತಪ್ಪಿಸಿಕೊಂಡು ಬಂದೂಕಿನ ಮಾತೆತ್ತಿದ. ಚಾಚಾ ಕೈ ಬೀಸಿದರು.

"ಅದಾ? ಅದು ಬಂದೂಕಲ್ಲ ಬೇಟಾ, ಬರೀ ಬಡಿಗಿ. ಒಂದು ಸಾರಿ ನಿಮ್ಮ ಮನ್ಯಾಗ ಪೂಜಿ ಮುಗಿಸಿ ತಂದಿಟ್ಟೆ ನೋಡು, ಮುಂದ ತೋಟಾ ಹಾಕಿದ್ರ ಚಿಲಕ ಕೂಡವಲ್ದು. ಎಷ್ಟು ಒತ್ತಿದ್ರೂ ನಕ್ಕೋ, ಒಲ್ಲೆ ಅಂತದ. ತುಕ್ಕು ಹಿಡದದ ಅಂತ ಬಿಟ್ಟೆ."

ಅಣ್ಣ ನನ್ನ ಮುಖ ನೋಡಿದ. ನಮ್ಮಲ್ಲಿ ಸಡಿಲ, ಅವರಲ್ಲಿ ಬಿಗಿ.

"ಯಾರಿಗೂ ತೋರಿಸಲಿಲ್ಲೇನು?" ಎಂದೆ.

"ತೋರಿಸಿದ್ದೆ. ಇಲ್ಲೇ ಕಬ್ಬಿಣದ ಕೆಲಸದ ಲೋಹಾರ್ ಒಬ್ಬ ಇದ್ದ. ತಾ, ಮೂತಿಗಿ ಜರಾ ಅರ ಹಾಕ್ತೀನಿ, ಕೂಡ್ತದ ಅಂದ."

ಅಣ್ಣ ಕೂತಲ್ಲಿಂದ ಅರ್ಧ ಎದ್ದಿದ್ದ. ಅರ ತಿಕ್ಕಿದ್ದರೆ ನಮ್ಮ ಚಿಲಕ ಮುಗಿದಂತೆ. ಅದರ ಜೊತೆ ಬಂದೂಕೂ.

"ಹಾಕಿಸಿದ್ರೇನು?"

"ಎಲ್ಲಿ ಹಾಕಿಸಲಿ? ನಿಮ್ಮವ್ವ ಪೂಜಿ ಮಾಡಿ ಕೊಟ್ಟಿದ್ದು. ಅದಕ್ಕ ಅರ ತಿಕ್ಕಿಸಿದೆ ಅಂತ ಗೊತ್ತಾದ್ರ ಆಕಿ ಮಾನ್ವಿಗೆ ಬಂದು ಸಂತ್ಯಾಗ ನಿಂತು ಬೈತಿದ್ಲು. ಆ ಬೈಗಳಕ್ಕಿಂತ ಕೂಡದ ಚಿಲಕಾನ ವಾಸಿ ಅಂತ ಸುಮ್ಮನಾದೆ."

ಕಪಾಟಿನಿಂದ ಬಂದೂಕು ಹೊರಬಂತು. ಖಾಲಿ ಎಂದು ಖಚಿತ ಮಾಡಿಕೊಂಡು ಚಿಲಕ ತೆಗೆದೆವು. ಹಿಡಿಯ ಬುಡವನ್ನು ಅಣ್ಣ ಅಂಗಿಯ ತುದಿಯಿಂದಲೇ ಉಜ್ಜಿದ. ಅಂಕಿಗಳ ಸಂದಿಯಲ್ಲಿ ಬೂದು ಪುಡಿ ಗಟ್ಟಿಯಾಗಿ ಕೂತಿತ್ತು. ನಾನು ಅಂಗೈ ಬಿಚ್ಚಿ ಓದಿದೆ, ಅವನು ಚಿಲಕ ನೋಡುತ್ತ ಒಂದೊಂದೇ ಅಂಕಿಗೆ ಹೂಂಗುಟ್ಟಿದ. ಕೊನೆಯ ಅಂಕಿಗೆ ಹೂಂ ಅನ್ನಲಿಲ್ಲ, ಚಿಲಕವನ್ನು ಎದೆಗೆ ಒತ್ತಿಕೊಂಡ.

ನಾನು ಬಿಡಿಸಿ ಹೇಳಿದಾಗ ಚಾಚಾ ಮೊದಲು ನಕ್ಕರು. ಆಮೇಲೆ ಅವರ ನಗು ನಿಂತಿತು. ಶೇಂಗಾದ ಸಿಪ್ಪೆಗಳನ್ನು ಕೈಯಿಂದ ಗುಡಿಸುತ್ತ ಕೇಳಿದರು.

"ಅಂದ್ರ ಅವತ್ತು ನಿಮ್ಮಪ್ಪನ ಬಂದೂಕಿನ್ಯಾಗ ಇದ್ದದ್ದು ನನ್ನ ಚಿಲಕ?"

"ಯಾವತ್ತು ಚಾಚಾ?"

ನಮಗೆ ಗೊತ್ತಿದ್ದ ಕತೆ ಬೇರೆ ಇತ್ತು. ಅಪ್ಪ ಒಂದು ದಸರೆಯ ನಂತರ ಬೇಟೆ ಬಿಟ್ಟರು. ಕಾರಣ ಹೇಳಲಿಲ್ಲ. ಹಂದಿ ಬಂದರೆ ಊರವರಿಗೆ ಡಬ್ಬಿ ಬಾರಿಸಿರಿ ಎನ್ನುತ್ತಿದ್ದರು. ಬಂದೂಕು ಒರೆಸುವುದನ್ನು ಮಾತ್ರ ಬಿಡಲಿಲ್ಲ. ಅವ್ವ ಸಾಯುವ ತನಕ ಹೇಳುತ್ತಿದ್ದಳು: "ನನ್ನ ಪೂಜಿ ಬಿಡಿಸಿದ್ದು. ಜೀವ ತಗಿಯೋದು ಸಾಕು ಅಂತ ತಾಯಿ ಬುದ್ಧಿ ಕೊಟ್ಟಳು." ಅಪ್ಪ ಹೌದು ಅಂದವರಲ್ಲ, ಅಲ್ಲ ಎಂದೂ ಅಂದವರಲ್ಲ. ಎಲೆ ಮಡಚುತ್ತ ಕೂತಿರುತ್ತಿದ್ದರು.

ಚಾಚಾ ಹೇಳಿದ್ದು ಇಷ್ಟು. ಪೂಜೆಯ ಮರುವಾರ ಇಬ್ಬರೂ ಜೋಳದ ಹೊಲಕ್ಕೆ ಹೋದರು. ಅವರ ಚಿಲಕ ಕೂಡಲಿಲ್ಲ, ಅವರು ಸುಮ್ಮನೆ ಪಕ್ಕದಲ್ಲಿ ನಿಂತರು. ಅಪ್ಪ ಹೊಡೆದರು. ಸದ್ದು ಎಂದಿನಂತಿರಲಿಲ್ಲ, ಅಪ್ಪನ ಮುಖದ ಮುಂದೆಯೇ ಹೊಗೆ ಎದ್ದಿತು. ತೋಟಾದ ಹಿತ್ತಾಳೆ ಸೀಳಿತ್ತು. ಅದರ ಚೂರು ಬಲಗೆನ್ನೆಗೆ, ಕಣ್ಣಿನ ಕೆಳಗೆ ತಾಗಿತ್ತು. ಅಪ್ಪ ಬದುವಿನ ಮೇಲೆ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಕೂತಿದ್ದರಂತೆ.

"ಕಣ್ಣು ಬಿಟ್ಟಾಗ ಮೊದಲು ಏನಂದ ಗೊತ್ತೇನು? ಮನ್ಯಾಗ ಹೇಳಬ್ಯಾಡ, ಆಕಿ ಬಂದೂಕನ್ನ ಬಾವಿಗೆ ಒಗೀತಾಳ ಅಂದ. ಜಾಲಿಮುಳ್ಳು ಗೀರ್ತು ಅಂತ ಹೇಳೋಣ ಅಂದ. ಹೆದರಿದ್ದ ಬೇಟಾ. ನಾನೂ ಹೆದರಿದ್ದೆ."

ಜಾಲಿಮುಳ್ಳಿನ ಗುರುತು. ಅಪ್ಪನ ಕೆನ್ನೆಯ ಆ ಸಣ್ಣ ನೀಲಿ ಗೆರೆಯ ಪಕ್ಕದಿಂದ ಕೊನೆಯ ದಿನಗಳಲ್ಲಿ ಗಡ್ಡ ಮಾಡುವಾಗ ನಾನೇ ಎಷ್ಟೋ ಸಾರಿ ಬ್ಲೇಡು ದಾಟಿಸಿದ್ದೆ. ಅವ್ವನ ಪೂಜೆ ಬೇಟೆ ಬಿಡಿಸಿತು ಎಂಬ ಅವ್ವನ ಮಾತಿನಲ್ಲಿ ಒಂದಕ್ಷರ ತಿದ್ದುವಂತಿರಲಿಲ್ಲ. ವಿವರ ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅಣ್ಣ ಚಿಲಕವನ್ನು ಜೇಬಿಗೆ ಹಾಕಿಕೊಂಡು ಹೊರಡುವವನಿದ್ದ. ಬರೀ ಚಿಲಕವೂ ಕಾನೂನಿನ ಕಣ್ಣಿನಲ್ಲಿ ಆಯುಧವೇ, ಚಾಚಾನ ಬಂದೂಕಿನಲ್ಲೇ ಇಟ್ಟು, ಅವರೂ ಅವರ ಲೈಸೆನ್ಸೂ ಜೊತೆಗೆ ಬರಬೇಕು ಎಂದೆ.

"ಪೇಪರ್‌ನಾವ್ರ ಕೂಡ ಬಂದ್ರ ಹಿಂಗಾ" ಎಂದ ಅಣ್ಣ.

ಚಾಚಾಗೆ ಮಾತ್ರ ಖುಷಿ. "ರಾಯಚೂರ್ ನೋಡಿ ಭಾಳ ದಿನ ಆತು. ನಡೀರಿ" ಎಂದು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಮಿಸ್ತ್ರಿಯ ಮೇಜಿನ ಮೇಲೆ ಎರಡು ಬಂದೂಕುಗಳೂ ಅಕ್ಕಪಕ್ಕ ಮಲಗಿದವು. ಅವನು ಚಿಲಕಗಳನ್ನು ಅದಲುಬದಲು ಮಾಡಿದ. ನಮ್ಮದರಲ್ಲಿ ಮೊದಲ ಗೇಜಿನ ಮೇಲೆ ಚಿಲಕ ಮುಚ್ಚಿತು. ಎರಡನೆಯದರ ಮೇಲೆ ಅರ್ಧಕ್ಕೆ ಬಂದು ನಿಂತಿತು. ಮಿಸ್ತ್ರಿ ಒಂದು ಬೆರಳಿನಿಂದಷ್ಟೇ ತಳ್ಳಿ ನೋಡಿ ಬಿಟ್ಟ. "ಬಜಾರದ್ದು ಅಂದಿದ್ದೆ. ಮಾತು ವಾಪಸ್ ತಗೊಂಡೆ ಗೌಡ್ರ" ಎಂದ. ಚಾಚಾನ ಬಂದೂಕಿಗೂ ಗೇಜ್ ಸರಿಹೋಯಿತು. ಆದರೆ ಒರೆಸದೆ ಬಿಟ್ಟ ನಳಿಗೆ ಒಳಗೆ ಗೆದ್ದಲು ತಿಂದಂತಾಗಿತ್ತು. ಅದನ್ನು ಹೊಡೆಯಬೇಡಿ ಎಂದ. "ಬಡಿಗಿ ಅಂದಿದ್ದೆನಲ್ಲ" ಎಂದರು ಚಾಚಾ.

ಅಂತಿಮ ಮಾತು ಇನ್ನೂ ಬಾಕಿ ಇತ್ತು. ಕುಂದಾದ ಬಿರುಕಿಗೆ ಅಂಟು ತುಂಬಿ, ಒಳಗಿನಿಂದ ಮೊಳೆ ಕೂಡಿಸಿ, ಅದು ಗಟ್ಟಿಯಾದ ಮೇಲೆ ಮಿಸ್ತ್ರಿ ನಮ್ಮನ್ನು ಮತ್ತೆ ಕರೆಸಿದ. ಗಿಲ್ಲೆಸುಗೂರಿನ ರಸ್ತೆಯಲ್ಲಿ, ಅವನಿಗೆ ಪರೀಕ್ಷೆಗೆ ಅನುಮತಿ ಇದ್ದ ಮಣ್ಣಿನ ಒಡ್ಡಿನ ಹತ್ತಿರ ಹೋದೆವು. ಚಾಚಾ ಕರೆಯದೆಯೇ ಮಾನ್ವಿಯಿಂದ ಬಸ್ಸಿನಲ್ಲಿ ಬಂದಿದ್ದರು. ಅಣ್ಣ ಅಪ್ಪನ ಹಾಗೆ ಭುಜಕ್ಕೆ ಆನಿಸಿ ಹೊಡೆಯಬೇಕೆಂದು ಬಂದವನು. ಮಿಸ್ತ್ರಿ ಬಿಡಲಿಲ್ಲ. ಬಂದೂಕನ್ನು ಹಳೆಯ ಟೈರುಗಳ ನಡುವೆ ಬಿಗಿದು ಕಟ್ಟಿ, ಹೊಸ ತೋಟಾ ಹಾಕಿ, ಬೆರಳಿನಿಂದ ಎಳೆಯುವ ಕೊಕ್ಕೆಗೆ, ಅಂದರೆ ಬಂದೂಕಿನ ಕುದುರೆಗೆ, ಉದ್ದನೆಯ ದಾರ ಕಟ್ಟಿ, ನಮ್ಮನ್ನು ಕಲ್ಲುಗೋಡೆಯ ಹಿಂದೆ ಕೂರಿಸಿದ.

"ನಿಮ್ಮಪ್ಪನ ಬಂದೂಕು. ಎಳೀರಿ" ಎಂದು ದಾರವನ್ನು ಅಣ್ಣನ ಕೈಗೆ ಕೊಟ್ಟ.

ಅಣ್ಣ ಎಳೆದ. ಸದ್ದು ಒಂದೇ, ದುಂಡಗೆ, ಗಟ್ಟಿಯಾಗಿ ಬಂತು. ಹೊಗೆ ಮುಂದಕ್ಕೆ ಹೋಯಿತು. ಮಿಸ್ತ್ರಿ ಹೋಗಿ ಚಿಲಕ ತೆರೆದು, ಸಿಡಿದ ತೋಟಾದ ಹಿತ್ತಾಳೆಯನ್ನು ಬಿಸಿಲಿಗೆ ಹಿಡಿದು ಸುತ್ತಲೂ ತಿರುಗಿಸಿ, ಅಣ್ಣನ ಅಂಗೈಗೆ ಹಾಕಿದ. ಎಲ್ಲಿಯೂ ಹಿಗ್ಗಿರಲಿಲ್ಲ, ಸೀಳಿರಲಿಲ್ಲ. ಇನ್ನೂ ಎರಡು ಹೊಡೆಸಿದ. ಅವೂ ಹಾಗೇ ಬಂದವು.

"ಮನಿಗಿ ಒಯ್ರಿ" ಎಂದ ಮಿಸ್ತ್ರಿ. ಅತ್ತಿಗೆಗೆ ಒಪ್ಪಿಸಬೇಕಾದ ವರದಿ ಅಷ್ಟೇ ಇತ್ತು.

ಅಣ್ಣ ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನು ಬಿಸಿ ಹಿತ್ತಾಳೆಯನ್ನು ಹಿಡಿದು ನಿಂತ. ಆಮೇಲೆ ಇನ್ನೊಂದು ಕೈಯಿಂದ ತನ್ನ ಬಲಗೆನ್ನೆಯನ್ನು, ಕಣ್ಣಿನ ಕೆಳಗೆ, ಮೆಲ್ಲಗೆ ಮುಟ್ಟಿಕೊಂಡ. ಚಾಚಾ ಅದನ್ನು ನೋಡಿದರು, ನೋಡದವರಂತೆ ಒಡ್ಡಿನ ಕಡೆ ತಿರುಗಿದರು.

ಬಂದೂಕು ಈಗ ದೇವದುರ್ಗದ ಮನೆಯಲ್ಲಿದೆ. ಬೀಗ ಹಾಕಿದ ಕಪಾಟಿನಲ್ಲಿ ಬಂದೂಕು, ಬೇರೆ ಕಪಾಟಿನಲ್ಲಿ ಚಿಲಕ. ಅದು ಅತ್ತಿಗೆಯ ಕಟ್ಟಳೆ; ಅವ್ವನದೇ ಮುಂದುವರಿದದ್ದು. ಅಣ್ಣ ಇನ್ನೂ ಅದನ್ನು ಭುಜಕ್ಕೆ ಆನಿಸಿ ಹೊಡೆದಿಲ್ಲ. ಹಂದಿ ಬಂದರೆ ಡಬ್ಬಿ ಬಾರಿಸುತ್ತಾನೆ. ತಿಂಗಳಿಗೊಮ್ಮೆ ಅಂಗಳದಲ್ಲಿ ಕೂತು, ದಾರಕ್ಕೆ ಬಟ್ಟೆ ಕಟ್ಟಿ, ಅದು ಬಿಳಿಯಾಗಿ ಹೊರಬರುವ ತನಕ ಎಳೆಯುತ್ತಾನೆ.

ಈ ಸಲದ ಖಂಡೇ ಪೂಜೆಗೆ ಚಾಚಾ ಬಂದರು. ಹೊಡೆಯಲು ಬಾರದ ಬಂದೂಕಾದರೂ ಅದನ್ನು ತಂದಿದ್ದರು, ತಕ್ಕಡಿಯನ್ನೂ ತಂದಿದ್ದರು. ಅತ್ತಿಗೆ ಹೊಸ್ತಿಲ ಹೊರಗೆ ಚಿಲಕಗಳನ್ನು ತೆಗೆಸಿ, ಅವ್ವನ ಅದೇ ಹಿತ್ತಾಳೆ ತಾಟನ್ನು ಮುಂದೆ ಹಿಡಿದಳು. ಚಾಚಾ ತಮ್ಮ ಚಿಲಕವನ್ನು ಹಿಂದಕ್ಕೆ ಹಿಡಿದುಕೊಂಡರು.

"ನನಗ ಬ್ಯಾರೆ ತಾಟು ತಾ ಬೇಟಿ" ಎಂದರು. "ಈ ತಾಟಿನ ಮ್ಯಾಲೆ ನನಗ ಭರೋಸಾ ಇಲ್ಲ."